ಹೊಳೆಬದಿಯ ಪಾರ್ಕಿನಲ್ಲಿ ನಿನ್ನ ಮಗಳು

ಸುಳ್ಯ, ಜುಲೈ ೧೯೮೪

ವಾರಿಜಾಕ್ಷಿ,

ನಿನ್ನ ಮದುವೆಗೆ ನಾನು ಬಾರದೆ, ನಮ್ಮ ಮಾತು ನಿಂತು ಆರು ವರ್ಷವಾಯಿತು. ಇವತ್ತು ಸಂಜೆ ಹೊಳೆಬದಿಯ ಪಾರ್ಕಿನಲ್ಲಿ ನಿನ್ನ ಮಗಳನ್ನು ನೋಡಿದೆ. ಪೇಟೆಯಲ್ಲಿ ನಿನ್ನ ಜೊತೆ ದೂರದಿಂದ ಕಂಡಿದ್ದರಿಂದ ಅವಳದೂ ನಿನ್ನತ್ತೆಯದೂ ಗುರುತಿತ್ತು. ನಿನ್ನತ್ತೆ ನಲ್ಲಿ ನೀರಿನಲ್ಲಿ ಕಾಲು ತೊಳೆಯುತ್ತಿದ್ದರು. ಅಷ್ಟರಲ್ಲಿ ಅವಳು ಜೋಕಾಲಿಯಿಂದಿಳಿದು, ಉರುಳಿದ ಚೆಂಡಿನ ಹಿಂದೆ ಬೇಲಿ ನುಸುಳಿ ದಡಕ್ಕೆ ಓಡಿದಳು. ಕೆಳಗೆ ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು. ನಾನು ಬೆಂಚಿನಿಂದೆದ್ದು ಓಡಿದೆ. ಪಾಚಿಯಲ್ಲಿ ಅವಳ ಕಾಲು ಜಾರುವಾಗ ನನ್ನ ಕೈಗೆ ಸಿಕ್ಕಿದ್ದು ಫ್ರಾಕಿನ ಅಂಚು ಮಾತ್ರ. ಹೊಲಿಗೆ ಪರ್ರನೆ ಬಿಟ್ಟಿತು, ಆದರೂ ಎಳೆದುಕೊಂಡೆ.

ನಿನ್ನತ್ತೆ ಓಡಿ ಬಂದು, "ನಿಮ್ಮ ಹೆಸರೆಂತ? ಸೊಸೆಗೆ ಹೇಳ್ಬೇಕಲ್ಲ," ಎಂದರು.

"ಹೆಸರೆಂತಕ್ಕೆ ಅಮ್ಮ? ಮಗುವಿನ ಮಂಡಿಯಲ್ಲಿ ಗಾಯ ಉಂಟು, ನೋಡಿ," ಎಂದೆ.

ಹೇಳಿದ್ದರೆ ನಾಳೆ ನೀನು ನಮ್ಮ ಮನೆಗೆ ಬರುತ್ತಿದ್ದೆಯೋ ಏನೋ. ಹೆಸರು ಕೇಳಿಯೂ ನೀನು ಬಾರದಿದ್ದರೆ ಎಂದು ಆಗ ಹೆದರಿದೆ; ಈಗ ಈ ಕಾಗದದಲ್ಲಿ ಹೇಳುತ್ತಿದ್ದೇನೆ.

ರಾಹೇಲ್