ನೀಲಿ ಚುಕ್ಕೆಯ ಬಾಟಲಿ

ರಿಗ್ಗೈ, ಕುವೈತ್
15 ಅಕ್ಟೋಬರ್ 2025, ಬುಧವಾರ

ಪ್ರೀತಿಯ ಮೊಲ್ಲಿ,

ನೀನೂ ನಿನ್ನ ಅಮ್ಮನೂ ಹೇಗಿದ್ದೀರಿ? ಅಮ್ಮನ ಬಿ.ಪಿ. ಮಾತ್ರೆ ತಪ್ಪಿಸಬೇಡ, ಇಂಥ ದಿನಗಳಲ್ಲಿ ಮೊದಲು ಮರೆತುಹೋಗುವುದು ಅದೇ. ನಿನ್ನ ವಾಯ್ಸ್ ಮೆಸೇಜ್ ಬಂದು ಹನ್ನೆರಡು ದಿನವಾಯಿತು. ಉತ್ತರ ಕೊಡಲಿಲ್ಲ, ಕ್ಷಮಿಸು. ಡ್ಯೂಟಿ ಜಾಸ್ತಿಯಿತ್ತು, ಮಧ್ಯೆ ಜ್ವರ ಬಂತು ಎಂದು ಒಂದು ಪತ್ರ ಬರೆದು ಹರಿದು ಹಾಕಿದೆ. ಎರಡೂ ಸುಳ್ಳು. ಹನ್ನೆರಡು ದಿನವೂ ನಾನು ನಿನ್ನ ಮೆಸೇಜನ್ನೇ ಹಾಕಿ ಹಾಕಿ ಕೇಳುತ್ತಿದ್ದೆ.

"ಶರ್ಲಿ, ಬ್ರಿಜಿಟ್‌ನ ಬ್ಯಾಗಲ್ಲಿ ಗಾಂಜಾ ಸಿಕ್ಕಿತಂತೆ ಅಂತ ಇಲ್ಲಿ ಪೂರಾ ಸುದ್ದಿ. ಇಗರ್ಜಿಯಲ್ಲಿ ನಮ್ಮ ಬೆಂಚಲ್ಲಿ ಯಾರೂ ಕೂತ್ಕೊಳ್ಳುದಿಲ್ಲ. ನೀನು ನರ್ಸ್ ಅಲ್ವಾ, ನಿಂಗೆ ಗೊತ್ತಾಗ್ತದೆ. ನನ್ನ ತಂಗಿ ಅಂಥವಳಾ, ನೀನೇ ಹೇಳು ಮಾರಾಯ್ತಿ."

ಅಂಥವಳಲ್ಲ. ಅದನ್ನು ಮೊದಲು ಬರೆದುಬಿಡುತ್ತೇನೆ. ಉಳಿದದ್ದನ್ನು ಕೂತು ಓದು, ಅಮ್ಮನ ಎದುರು ಓದಬೇಡ.

ಕಾಗದದಲ್ಲಿ ಯಾಕೆ ಎಂದು ನಿನಗೆ ಅನಿಸಬಹುದು. ಫೋನಿನಲ್ಲಿ ಈ ವಿಷಯ ಒಂದಕ್ಷರವೂ ಬರೆಯಬಾರದೆಂದು ನನ್ನ ಗಂಡ ಜಾರ್ಜ್ ಆಣೆ ಹಾಕಿಸಿದ್ದಾರೆ. ಕಾಗದದ ಬಗ್ಗೆ ಅವರು ಹೇಳಲಿಲ್ಲ, ಈ ಕಾಲದಲ್ಲಿ ಯಾರಾದರೂ ಪತ್ರ ಬರೆಯುತ್ತಾರೆಂದು ಅವರಿಗೆ ಹೊಳೆದಿರಲಿಕ್ಕಿಲ್ಲ. ನಮ್ಮ ಪ್ರಾರ್ಥನಾ ಕೂಟದ ಸೈಮನ್ ನಾಳೆ ಊರಿಗೆ ಹೊರಟಿದ್ದಾನೆ. ಅವನ ಕೈಯಲ್ಲಿ ಕಳಿಸುತ್ತಿದ್ದೇನೆ. ಲಕೋಟೆಯಲ್ಲಿ ಕಾಗದ ಬಿಟ್ಟು ಬೇರೇನಿಲ್ಲ ಎಂದು ಬಿಚ್ಚಿ ತೋರಿಸಿಯೇ ಕೊಡುತ್ತೇನೆ. ಒಬ್ಬರ ಕೈಯಲ್ಲಿ ಇನ್ನೊಬ್ಬರ ಪೊಟ್ಟಣ ಕಳಿಸುವುದೆಂದರೆ ಈಗ ನನಗೆ ವಾಕರಿಕೆ ಬರುತ್ತದೆ.

ಜುಲೈಯಲ್ಲಿ ನನ್ನ ಅತ್ತೆ ಮೂರು ತಿಂಗಳ ವಿಸಿಟ್ ವೀಸಾದಲ್ಲಿ ಇಲ್ಲಿಗೆ ಬಂದದ್ದು ನಿನಗೆ ಗೊತ್ತು. ಊರಲ್ಲಿ ಓದುವ ಮಗ ರೂಬೆನ್‌ಗೆ ಕಾಲೇಜು ರಜೆ, ಅಜ್ಜಿಯನ್ನು ಕರೆದುಕೊಂಡು ಅವನೇ ಬಂದ. ಅತ್ತೆ ಊರಿನ ಹೋಮಿಯೋಪತಿ ಬಿಟ್ಟರೆ ಬೇರೆ ಔಷಧಿ ಮುಟ್ಟುವವರಲ್ಲ. ಮಂಡಿನೋವಿಗೆಂದು ಆರು ಕಂದು ಬಾಟಲಿ, ಜೊತೆಗೆ ಡಾಕ್ಟರರ ಚೀಟಿ. ಎಲ್ಲವೂ ರೂಬೆನ್‌ನ ಬ್ಯಾಗಿನಲ್ಲಿ ಬಂತು. ಮೊಮ್ಮಗ ಎಷ್ಟು ಜವಾಬ್ದಾರಿಯವನು ಎಂದು ನಾನು ಆ ದಿನ ನಾಲ್ಕು ಜನರ ಹತ್ತಿರ ಹೇಳಿಕೊಂಡೆ. ಫ್ರಿಜ್ಜಿನ ಬಾಗಿಲಿನಲ್ಲಿ ಅವನೇ ಸಾಲಾಗಿ ಜೋಡಿಸಿಟ್ಟ. ಆಗಸ್ಟಿನಲ್ಲಿ ಅವನು ಹಿಂತಿರುಗಿದ, ಬಾಟಲಿಗಳು ಇಲ್ಲೇ ಉಳಿದವು.

ಸೆಪ್ಟೆಂಬರ್ ಮಧ್ಯದಲ್ಲಿ ನಾಲ್ಕನೆಯದು ಮುಗಿದು ಐದನೆಯದನ್ನು ತೆರೆದೆ. ಅದರ ಮುಚ್ಚಳದ ಮೇಲೆ ನೈಲ್ ಪಾಲಿಶ್‌ನ ಸಣ್ಣ ನೀಲಿ ಚುಕ್ಕೆ. ಅಂಗಡಿಯವರ ಗುರುತೆಂದುಕೊಂಡೆ. ಸ್ಪಿರಿಟ್ಟಿನ ವಾಸನೆ ಹೊಡೆಯಿತು, ಆ ಔಷಧಿಗಳೆಲ್ಲ ಹಾಗೇ ಅಲ್ಲವೇ. ಅದರ ಅಡಿಯಲ್ಲಿ ಇನ್ನೊಂದು ವಾಸನೆಯೂ ಇತ್ತು, ಒದ್ದೆ ಹುಲ್ಲನ್ನು ಚೀಲದಲ್ಲಿ ಕಟ್ಟಿಟ್ಟು ಮರೆತರೆ ಬರುವಂಥದ್ದು. ಮೂಗು ಹೇಳಿದ್ದನ್ನು ನಾನು ಕೇಳಲಿಲ್ಲ. ಆಸ್ಪತ್ರೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಒಂದು ಪ್ಯಾರಾಸಿಟಮಾಲ್ ಕೊಡಬೇಕಾದರೂ ಲೇಬಲ್ಲನ್ನು ಮೂರು ಸಲ ಓದುವವಳು ನಾನು. ಮನೆಯ ಅಡುಗೆಕೋಣೆಗೆ ಬಂದ ಕೂಡಲೇ ಆ ಬುದ್ಧಿಯನ್ನು ಚಪ್ಪಲಿಯ ಜೊತೆ ಹೊರಗೆ ಬಿಟ್ಟಿದ್ದೆ.

ಅತ್ತೆಗೆ ದಿನಕ್ಕೆ ಹತ್ತು ಹನಿ. ಅವರು ಬೆಳಿಗ್ಗೆ ಹತ್ತರವರೆಗೆ ನಿದ್ದೆ ಮಾಡಿದರು, ಎರಡು ಸಲ ಅನ್ನ ಹಾಕಿಸಿಕೊಂಡರು, ಟಿ.ವಿ. ನೋಡಿ ಒಬ್ಬರೇ ನಕ್ಕರು. ಒಂದು ದಿನ "ಗೋಡೆ ನಡೀತಾ ಉಂಟು ಶರ್ಲಿ, ಸ್ವಲ್ಪ ಹಿಡ್ಕೊ" ಎಂದರು. ವಯಸ್ಸೆಂದುಕೊಂಡೆ. ಮಂಡಿ ನೋವಿಲ್ಲ ಎನ್ನುತ್ತಿದ್ದಾರಲ್ಲ, ಅಷ್ಟು ಸಾಕೆಂದುಕೊಂಡೆ. ಎಪ್ಪತ್ತೆಂಟು ವರ್ಷದ ಹೆಂಗಸಿಗೆ ನನ್ನ ಕೈಯಾರೆ ಚಮಚದಲ್ಲಿ ಕುಡಿಸಿದೆ. ಆ ಚಮಚವನ್ನು ಎಸೆದಿದ್ದೇನೆ. ಆದರೂ ಉಳಿದ ಚಮಚಗಳಲ್ಲಿ ಊಟ ಮಾಡಲು ನನಗೆ ಅಸಹ್ಯವಾಗುತ್ತದೆ.

ಸೆಪ್ಟೆಂಬರ್ ಇಪ್ಪತ್ತಾರು, ಶುಕ್ರವಾರ. ಬ್ರಿಜಿಟ್‌ಗೆ ಮನೆಗೆಲಸಕ್ಕಿದ್ದ ಸಲ್ವಾದ ಮನೆಯಲ್ಲಿ ವಾರಕ್ಕೆ ಅದೊಂದೇ ರಜೆ. ಎಂದಿನಂತೆ ಚರ್ಚಿನ ಪೂಜೆ ಮುಗಿಸಿ ನಮ್ಮಲ್ಲಿಗೆ ಊಟಕ್ಕೆ ಬಂದಳು. ನಾನು ಬೇಡವೆಂದರೂ ಬಂಗುಡೆ ಅವಳೇ ತೊಳೆದಳು, ಬಗ್ಗಿದವಳಿಗೆ ಏಳಲಾಗಲಿಲ್ಲ. ಆ ಮನೆಯಲ್ಲಿ ಮೂರು ಮಹಡಿ, ಮೆಟ್ಟಿಲು ಒರೆಸಿ ಒರೆಸಿ ಸೊಂಟ ಹೋಗಿದೆ ಎಂದಳು. "ಮಾಮಾ ಒಳ್ಳೆಯವ್ರೇ ಅಕ್ಕ, ಬೈಯುದಿಲ್ಲ. ಆದ್ರೆ ಮಲಗಿದ್ರೆ ಕೆಲಸ ಯಾರು ಮಾಡುದು" ಎಂದಳು. ಮನೆಯೊಡತಿಯನ್ನು ಅವಳು ಮಾಮಾ ಎನ್ನುತ್ತಿದ್ದದ್ದು ನಿನಗೆ ಗೊತ್ತಲ್ಲ.

ಅತ್ತೆಯೇ ಹೇಳಿದರು, ನನ್ನ ಹನಿ ಸ್ವಲ್ಪ ಅವಳಿಗೂ ಕೊಡು ಎಂದು. ಅತ್ತೆಯ ಮೇಲೆ ಹಾಕುತ್ತಿಲ್ಲ, ಕೊಟ್ಟದ್ದು ನಾನು. ಖಾಲಿಯಾಗಿದ್ದ ಬಾಟಲಿ ತೊಳೆದು ಅದಕ್ಕೆ ಅರ್ಧ ಸುರಿದುಕೊಟ್ಟೆ. "ಹದಿನೈದು ಹನಿ ತಗೋ. ನೋವು ಜಾಸ್ತಿ ಇದ್ರೆ ಇನ್ನೂ ಸ್ವಲ್ಪ ತಗೋ, ಹೋಮಿಯೋಪತಿಗೆ ಸೈಡ್ ಎಫೆಕ್ಟ್ ಎಲ್ಲ ಇಲ್ಲ." ಮೊಲ್ಲಿ, ಈ ಮಾತನ್ನು ನಾನು ನರ್ಸಿನ ಗತ್ತಿನಲ್ಲಿ ಹೇಳಿದೆ. ಅವಳು ಬಾಟಲಿಯನ್ನು ಕರವಸ್ತ್ರದಲ್ಲಿ ಸುತ್ತಿ ಜಪಸರದ ಜೊತೆ ಬ್ಯಾಗಿನಲ್ಲಿಟ್ಟುಕೊಂಡಳು.

ಮುಂದಿನದನ್ನು ಸೋಮವಾರ ಬೆಳಿಗ್ಗೆ ಫೋನ್ ಮಾಡಿ ಹೇಳಿದವಳು ಝಾಹಿದಾ. ಅದೇ ಮನೆಯ ಅಡುಗೆಯವಳು, ಬಂಟ್ವಾಳದ ಕಡೆಯವಳು. ಭಾನುವಾರ ಮನೆಯಲ್ಲಿ ಔತಣವಿತ್ತಂತೆ. ಬ್ರಿಜಿಟ್ ಊಟ ಮಾಡದೆ ಎರಡು ಸಲ ಹನಿ ತೆಗೆದುಕೊಂಡಳಂತೆ. "ಸ್ವಲ್ಪ ಹೊತ್ತಿಗೆ ಎದೆ ಹಿಡ್ಕೊಂಡು ಸಾಯ್ತೇನೆ ಝಾಹಿದಾ ಅಂತ ಅತ್ತಳು. ವಾಂತಿ ಮಾಡಿದಳು. ಮತ್ತೆ ಮೆಟ್ಟಿಲಲ್ಲೇ ಬಿದ್ದಳು. ಮಾಮಾ ಗಾಬರಿಯಾಗಿ ಅವರೇ ಕಾರಲ್ಲಿ ಆಸ್ಪತ್ರೆಗೆ ಕರ್ಕೊಂಡು ಹೋದ್ರು. ಅಲ್ಲಿ ರಕ್ತ ನೋಡಿದ್ರು, ಬ್ಯಾಗ್ ನೋಡಿದ್ರು. ಅಲ್ಲಿಂದಲೇ ಪೊಲೀಸ್ ಕರ್ಕೊಂಡು ಹೋದ್ರು." ಹಣೆಗೆ ಮೂರು ಹೊಲಿಗೆ, ಬೇರೆ ಏಟಿಲ್ಲ. ಇದನ್ನು ಅಮ್ಮನಿಗೆ ಹೇಳು, ಅವರು ಅದನ್ನೇ ಕೇಳುತ್ತಿರುತ್ತಾರೆ.

ಫೋನ್ ಇಟ್ಟು ಫ್ರಿಜ್ ತೆರೆದೆ. ನೀಲಿ ಚುಕ್ಕೆ ಅಲ್ಲೇ ಇತ್ತು. ರೂಬೆನ್‌ಗೆ ಕರೆ ಮಾಡಿದೆ. ಅಜ್ಜಿಯ ಬಾಟಲಿಯಲ್ಲಿ ಏನಿತ್ತು ಎಂದು ಕೇಳಿದೆ. ಎದ್ದು ಬಾಗಿಲು ಹಾಕಿದ ಸದ್ದು ಕೇಳಿಸಿತು. ಆಮೇಲೆ, "ಮಮ್ಮಿ, ಡಿಡ್ ಯೂ ಓಪನ್ ದ ವನ್ ವಿತ್ ದ ಬ್ಲೂ ಡಾಟ್?"

ಗಾಂಜಾ ಸೊಪ್ಪನ್ನು ಸ್ಪಿರಿಟ್ಟಿನಲ್ಲಿ ನೆನೆಸಿ ಇಳಿಸಿದ ರಸ, ಮೊಲ್ಲಿ. ಅವನೂ ಅವನ ಇಬ್ಬರು ಗೆಳೆಯರೂ ಹಾಸ್ಟೆಲ್ ಕೋಣೆಯಲ್ಲಿ ಮಾಡಿದ್ದು. ಸೇದಿದರೆ ವಾಸನೆ ಬರುತ್ತದೆ, ಹನಿಯಾದರೆ ಯಾರಿಗೂ ತಿಳಿಯುವುದಿಲ್ಲ ಎಂಬ ಜಾಣತನ. ಅಜ್ಜಿಯ ಒಂದು ಬಾಟಲಿಯ ಔಷಧಿಯನ್ನು ಬಚ್ಚಲಿಗೆ ಚೆಲ್ಲಿ ಇದನ್ನು ತುಂಬಿಸಿದ್ದಾನೆ, ಡಾಕ್ಟರರ ಚೀಟಿ ಇದೆಯಲ್ಲ, ಯಾರೂ ಕೇಳುವುದಿಲ್ಲ ಎಂದು. ಡಿಸೆಂಬರ್ ರಜೆಗೆ ಬೇಕಾಗುತ್ತದೆಂದು ಇಲ್ಲೇ ಬಿಟ್ಟುಹೋಗಿದ್ದಾನೆ. ಕಂದು ಗಾಜು, ತಂಪು ಜಾಗ, ಕತ್ತಲೆ ಇದ್ದರೆ ವರ್ಷವಾದರೂ ಕೆಡುವುದಿಲ್ಲವೆಂದು ನನಗೆ ವಿವರಿಸಿದ, ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದವನ ದನಿಯಲ್ಲಿ. ಬ್ರಿಜಿಟ್ ಆಂಟಿಯನ್ನು ಪೊಲೀಸರು ಕರೆದೊಯ್ದಿದ್ದಾರೆ ಎಂದೆ. "ಓ ಗಾಡ್" ಎಂದ. ಮತ್ತೆ ಕೇಳಿದ, "ಹೌ ಮಚ್ ಈಸ್ ಲೆಫ್ಟ್?"

ಎಷ್ಟು ಉಳಿದಿದೆ ಎಂದು. ನಾನು ಹೆತ್ತ ಮಗ ಕೇಳಿದ ಪ್ರಶ್ನೆ ಅದು. ನಾನು ಫೋನನ್ನು ಸೋಫಾದ ಮೇಲೆ ಎಸೆದೆ. ಆಮೇಲೆ ಉಳಿದ ಬಾಟಲಿಗಳನ್ನೆಲ್ಲ, ನಿಜವಾದ ಔಷಧಿಯನ್ನೂ ಸೇರಿಸಿ, ಟಾಯ್ಲೆಟ್ಟಿಗೆ ಸುರಿದು ನಾಲ್ಕು ಸಲ ಫ್ಲಶ್ ಮಾಡಿದೆ. ಕೈಗೆ ಅಂಟಿದ ಹಸಿರು ಜಿಡ್ಡು ಸೋಪಿಗೆ ಹೋಗಲಿಲ್ಲ, ಪಾತ್ರೆ ತಿಕ್ಕುವ ನಾರಿನಿಂದ ತಿಕ್ಕಿದೆ. ಸಾಕ್ಷಿಯನ್ನೇ ಚೆಲ್ಲಿದೆ ಎಂದು ಹೊಳೆದದ್ದು ಸಂಜೆ.

ಜಾರ್ಜ್ ಕೆಲಸದಿಂದ ಬಂದು ಎಲ್ಲ ಕೇಳಿದರು. ಕಿಟಕಿ ಮುಚ್ಚಿ ಮೆಲ್ಲಗೆ ಹೇಳಿದರು, "ಖಲಾಸ್, ಶರ್ಲಿ. ನಮಗೂ ಅದಕ್ಕೂ ಸಂಬಂಧ ಇಲ್ಲ. ಹುಡುಗನ ಲೈಫ್ ಹೋಗ್ತದೆ, ನಮ್ಮಿಬ್ಬರ ಇಕಾಮಾ ಹೋಗ್ತದೆ, ಮತ್ತೆ ಈ ದೇಶದಲ್ಲಿ ಇರ್ಲಿಕ್ಕೇ ಬಿಡುದಿಲ್ಲ. ಬ್ರಿಜಿಟ್ ಪಾಪ, ಏನೋ ಒಂದು ಆಗ್ತದೆ, ಊರಿಗೆ ಕಳಿಸ್ತಾರೆ ಅಷ್ಟೆ." ಆಮೇಲೆ ಕೈತೊಳೆದು ಊಟಕ್ಕೆ ಕೂತರು, ಮೀನಿನ ಮುಳ್ಳು ಒಂದೊಂದಾಗಿ ಬಿಡಿಸಿ ತಟ್ಟೆಯ ಅಂಚಿಗಿಟ್ಟರು. ಇಪ್ಪತ್ಮೂರು ವರ್ಷದಿಂದ ಆ ಮನುಷ್ಯನ ಎದುರು ಕೂತು ಉಂಡಿದ್ದೇನೆ. ಆ ದಿನ ನೋಡಲಾಗಲಿಲ್ಲ.

ಆದರೆ ಅದು ಊರಿಗೆ ಕಳಿಸುವಷ್ಟಕ್ಕೇ ಮುಗಿಯುವಂತೆ ಕಾಣುವುದಿಲ್ಲ. ಬಾಟಲಿ ಎಲ್ಲಿಂದ ಬಂತೆಂದು ಕೇಳಿದರೆ ಬ್ರಿಜಿಟ್ "ಊರಿಂದ ನಾನೇ ತಂದದ್ದು, ಸೊಂಟನೋವಿಗೆ" ಎನ್ನುತ್ತಿದ್ದಾಳೆಂದು ಝಾಹಿದಾ ತಿಳಿಸಿದಳು. ನಮ್ಮ ಹೆಸರು ಎತ್ತಿಲ್ಲ. ಹಾಗೆ ಹೇಳುವುದರಿಂದ ಅವಳಿಗೇ ಕುತ್ತು ಹೆಚ್ಚು, ತಾನೇ ದೇಶದೊಳಗೆ ತಂದೆನೆಂದು ಒಪ್ಪಿಕೊಂಡ ಹಾಗಾಗುತ್ತದೆ ಎಂದು ಚರ್ಚಿನವರು ಗೊತ್ತುಮಾಡಿದ ವಕೀಲರು ಹೇಳುತ್ತಿದ್ದಾರಂತೆ. ಕೊಟ್ಟವರು ಯಾರೆಂದು ತಿಳಿದರೆ ಬಿಡಿಸಬಹುದು, ಇಲ್ಲದಿದ್ದರೆ ವರ್ಷಗಟ್ಟಲೆ ಆಗಬಹುದಂತೆ. ಝಾಹಿದಾ ಮೊದಲು ಫೋನ್ ಮಾಡಿದ ಮರುದಿನ, ಮಂಗಳವಾರ, ಸ್ಟೇಷನ್ನಿನಿಂದ ನನಗೂ ಒಂದು ಫೋನ್ ಬಂದಿತ್ತು, ಅವಳ ಮೊಬೈಲಿನಲ್ಲಿ ನನ್ನ ನಂಬರ್ ಇತ್ತಲ್ಲ. ಮಾತಾಡಿದೆ.

ಅತ್ತೆ ಮುಂದಿನ ವಾರ ಊರಿಗೆ ಹೊರಡುತ್ತಾರೆ. ಅವರಿಗೆ ಹೇಳಿಲ್ಲ. ಹನಿ ಯಾಕೆ ನಿಲ್ಲಿಸಿದೆ, ಮಂಡಿ ಮತ್ತೆ ಹಿಡಿಯುತ್ತಿದೆ ಎಂದು ದಿನವೂ ನನ್ನ ಮೇಲೆ ಮುನಿಸು.

ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಬೇಕೋ ಬೇಡವೋ ಎಂಬುದನ್ನು ಪತ್ರ ಮುಗಿಸಿದ ಮೇಲೆ ನೀನೇ ನಿರ್ಧರಿಸು. ದೇವರು ನಿಮ್ಮಿಬ್ಬರ ಕೈ ಬಿಡದಿರಲಿ, ಆ ಹುಡುಗಿಯ ಕೈಯನ್ನಂತೂ ಬಿಡದಿರಲಿ. ನನಗಾಗಿ ಪ್ರಾರ್ಥಿಸಬೇಡ.

ನಿನ್ನ,
ಶರ್ಲಿ ಮಿನೇಜಸ್
(ನರ್ಸ್, ಸಿವಿಲ್ ಐಡಿಯ ಜೆರಾಕ್ಸ್ ಇದಕ್ಕೆ ಪಿನ್ ಮಾಡಿದೆ)

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಡಿಸಿದೆ. "ಮಾತಾಡಿದೆ" ಎಂದು ಬರೆದು ಮುಂದೆ ಹೋದೆನಲ್ಲ, ಅಲ್ಲಿ ನಿನಗೆ ಮೋಸ ಮಾಡಿದೆ. ರೂಬೆನ್ ಹೇಳಿ ಒಂದು ದಿನವಾಗಿತ್ತು, ನನಗೆ ಎಲ್ಲವೂ ಗೊತ್ತಿತ್ತು. ಅಧಿಕಾರಿ ಮರ್ಯಾದೆಯಿಂದಲೇ ಇಂಗ್ಲಿಷಿನಲ್ಲಿ ಕೇಳಿದರು, ಈ ಹೆಂಗಸು ನಿಮಗೆ ಹೇಗೆ ಪರಿಚಯ, ಈ ಔಷಧಿ ನಿಮಗೆ ಗೊತ್ತೇ ಎಂದು. "ಔಷಧಿ ಗೊತ್ತಿಲ್ಲ. ಅವಳನ್ನು ಚರ್ಚಿನಲ್ಲಿ ನೋಡಿದ್ದೇನೆ, ಅಷ್ಟೆ" ಎಂದೆ. ಅವರ ಕಡೆ ಫೋನ್ ಸ್ಪೀಕರಿನಲ್ಲಿತ್ತು. ಅವರು ಪಕ್ಕಕ್ಕೆ ತಿರುಗಿ ಯಾರನ್ನೋ ಕೇಳಿದರು. ಆಗ ಅವಳ ದನಿ ಕೇಳಿಸಿತು, ಅಲ್ಲೇ ಕೂತಿದ್ದಳು. "ಯೆಸ್ ಸರ್. ಚರ್ಚ್ ಓನ್ಲಿ."

ವಕೀಲರ ಆಫೀಸು ಇಲ್ಲಿಂದ ಇಪ್ಪತ್ತು ನಿಮಿಷ. ಎರಡು ಸಲ ಲಿಫ್ಟಿನವರೆಗೆ ಹೋಗಿ ವಾಪಸು ಬಂದೆ. ಅದಕ್ಕೇ ಪತ್ರ ನಿನ್ನ ಕೈಗೆ ಬರುತ್ತಿದೆ. ನಿನಗೆ ತಲುಪಿದ ಮೇಲೆ ನನಗೆ ಹಿಂದೆಗೆಯಲು ಆಗುವುದಿಲ್ಲ. ಪ್ರತಿ ಹಾಳೆಯ ಫೋಟೋ ತೆಗೆದು ವಕೀಲರಿಗೆ ಕಳಿಸು, ಐಡಿಯದ್ದೂ ಸೇರಿಸಿ. ಅವರ ನಂಬರ್ ಈ ಹಾಳೆಯ ಹಿಂದೆ ಬರೆದಿದ್ದೇನೆ. ಕನ್ನಡ ಓದಿ ಹೇಳುವವರು ಬೇಕೆಂದು ಅವರು ಕೇಳಿದರೆ ನನ್ನನ್ನೇ ಕರೆಸಲು ಹೇಳು. ಬ್ರಿಜಿಟ್ ಎದುರು ಕೂತು ನಾನೇ ಓದುತ್ತೇನೆ.