ನಾಲ್ಕನೇ ಚೌಕದ ಕೆಂಪು

ಮಾರ್ಚ್ ೯, ಭಾನುವಾರ
ಮಧ್ಯಾಹ್ನ

ಪ್ರೀತಿಯ ಪಿಟೀಲು,

ನಲವತ್ತು ದಾಟಿದವಳನ್ನು ಇನ್ನೂ ಹಾಗೇ ಕರೆಯುತ್ತೇನೆಂದು ಬೈಯಬೇಡ. ಹುಟ್ಟಿದ ವರ್ಷವಿಡೀ ಕುಯ್ಯೋ ಎಂದವಳು ನೀನೇ ತಾನೆ? ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. ಉತ್ತರ ಬರೆಯಲು ಕೂತು ಮೂರು ಸಲ ಎದ್ದುಹೋದೆ. ಹೊಲಿಗೆ ಮಾಗಿತೇ? ಗಡ್ಡೆ ಕೆಟ್ಟದ್ದಲ್ಲ ಎಂದು ಡಾಕ್ಟರ್ ಹೇಳಿದ್ದು ಓದಿ ಅಡುಗೆಮನೆಯಲ್ಲೇ ಕೂತು ಅತ್ತುಬಿಟ್ಟೆ ಕಣೆ.

ನೀನು ಕೇಳಿದ್ದು ಒಂದೇ ಮಾತು: "ಅಕ್ಕಾ, ಅವತ್ತು ಯಾಕೆ ಬರಲಿಲ್ಲ?" ಹೇಳುತ್ತೇನೆ. ಅದಕ್ಕೆ ಮೊದಲು ನೀನು ಕಳಿಸಿದ ಡಿಜಿಟಲ್ ಫೋಟೊ ಫ್ರೇಮಿನ ಕಥೆ ಕೇಳು.

ನಮ್ಮ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಆರು ಕಂಪ್ಯೂಟರ್‌ಗಳು, ನೋಡಿಕೊಳ್ಳುವವಳು ನಾನೊಬ್ಬಳು. ಒಂದು ನಿಂತರೂ ಆಸ್ಪತ್ರೆಗಳಿಗೆ ರಿಪೋರ್ಟ್ ಹೋಗುವುದಿಲ್ಲ. ಮನೆಯಲ್ಲಿದ್ದರೂ ಗಳಿಗೆಗೊಮ್ಮೆ ಎದ್ದು ನೋಡಬೇಕಿತ್ತು. ಸಾಕಾಗಿ, ಆ ಅಗ್ಗದ ಫ್ರೇಮನ್ನೇ ಬಿಚ್ಚಿಕೊಂಡು ಕೂತೆ. ಅದಕ್ಕೆ ಫೋಟೊ ತೋರಿಸುವುದೊಂದೇ ಗೊತ್ತು. ಸರಿ, ಐದು ನಿಮಿಷಕ್ಕೊಮ್ಮೆ ಆರು ಚೌಕಗಳ ಚಿತ್ರವೊಂದು ತಾನೇ ತಯಾರಾಗಿ ಅದಕ್ಕೆ ಹೋಗುವ ಹಾಗೆ ಮಾಡಿದೆ. ಯಂತ್ರ ನಡೆಯುತ್ತಿದ್ದರೆ ಹಸಿರು, ನಿಂತರೆ ಕೆಂಪು. ಅಡುಗೆಮನೆ ಗೋಡೆಗೆ ನೇತುಹಾಕಿ, ಇನ್ನು ನಾನು ಆರಾಮ ಎಂದುಕೊಂಡೆ.

ಎಲ್ಲಿಯ ಆರಾಮ! ಬೇಲಿ ಮೇಲೆ ಹೋಗುವ ಓತಿಕ್ಯಾತನನ್ನು ತಂದು ಕಿವಿಗೆ ಬಿಟ್ಟುಕೊಂಡ ಹಾಗಾಯಿತು. ಒಗ್ಗರಣೆ ಹಾಕುವಾಗಲೂ ಕಣ್ಣು ಅಲ್ಲೇ. ಅತ್ತೆ ಅಂತೂ ಕಾವಲಿಗೆ ಕೂತುಬಿಟ್ಟರು. ಸ್ನಾನಕ್ಕೆ ಹೋದರೆ ಬಾಗಿಲು ಬಡಿದು, "ಬೇಗ ಬಾರೇ, ಮೂರನೆಯವನಿಗೆ ಜ್ವರ ಬಂದಿದೆ!" ಎನ್ನುತ್ತಾರೆ. ನಿನ್ನ ಭಾವ, "ನನ್ನ ಮುಖಾನ ಇಷ್ಟು ಸಲ ನೋಡಿದ್ರೆ ಇನ್ನೊಂದ್ಸಲ ನಿನ್ನೇ ಮದುವೆ ಆಗ್ತಿದ್ದೆ" ಎಂದು ಚುಡಾಯಿಸುತ್ತಾರೆ. ಲ್ಯಾಬಿನ ಸಾಹೇಬರಿಗೆ ವಿಷಯ ತಿಳಿದು ಬಹಳ ಖುಷಿಯಾಯಿತು. "ಭೇಷ್ ಕಣಮ್ಮಾ, ಇನ್ಮೇಲೆ ನಿಮಗೆ ರಜಾನೇ ಬೇಕಾಗಲ್ಲ!" ಎಂದರು. ತಮಾಷೆಗೆ ಹೇಳಿದರು ಅಂದುಕೊಂಡಿದ್ದೆ. ಆಮೇಲೆ ಒಂದು ರಜವನ್ನೂ ಕೊಡಲಿಲ್ಲ. ಬೀಗ ಮಾಡಿದವಳೂ ನಾನೇ, ಒಳಗೆ ಕೂತವಳೂ ನಾನೇ.

ನಿನ್ನ ಆಪರೇಷನ್ನಿನ ದಿನಕ್ಕೆ ಮಾತ್ರ ಜಗಳ ಮಾಡಿ ರಜ ತೆಗೆದುಕೊಂಡಿದ್ದೆ. ಹತ್ತು ಗಂಟೆಯ ಬಸ್ಸು. ಅತ್ತೆ ಊರಿಗೆ ಹೋಗಿದ್ದರು, ನಾನೂ ಬೆಳಗಿನಿಂದ ಅಡುಗೆಮನೆಗೆ ಕಾಲಿಟ್ಟಿರಲಿಲ್ಲ. ಒಂಬತ್ತೂವರೆಗೆ ಹೆಗಲಿಗೆ ಚೀಲ ಹಾಕಿಕೊಂಡು ನೀರು ಕುಡಿಯಲು ಅಡುಗೆಮನೆಗೆ ಹೋದರೆ, ನಾಲ್ಕನೇ ಚೌಕ ಕೆಂಪು. ಫೋನ್ ಮಾಡಿ ಲ್ಯಾಬಿನಲ್ಲಿ ಕೇಳಬಹುದಿತ್ತು. ಆದರೆ ಕೆಂಪು ಕಂಡರೆ ಓಡುವುದು ನನಗೆ ಅಭ್ಯಾಸವಾಗಿಹೋಗಿತ್ತು. ದಾರಿಯಲ್ಲೇ ನಿನಗೆ ಫೋನ್ ಮಾಡಿ, "ಮೆಷಿನ್ ಕೆಟ್ಟಿದೆ, ಬರೋಕಾಗಲ್ಲ ಪುಟ್ಟಾ" ಎಂದೆ. "ಹೂಂ" ಎಂದೆ ನೀನು, ಅಷ್ಟೇ.

ಲ್ಯಾಬಿಗೆ ಹೋದರೆ ನಾಲ್ಕನೆಯದು ಗುಂಡುಕಲ್ಲಿನ ಹಾಗಿತ್ತು, ಚೆನ್ನಾಗಿ ನಡೆಯುತ್ತಿತ್ತು. ರಕ್ತ ತೆಗೆಯುವಾಕೆ, "ಅಯ್ಯೋ, ಅದು ಆರು ಗಂಟೆಗೇ ನಿಂತಿತ್ತು ಮೇಡಂ. ಏಳಕ್ಕೆ ನಾನೇ ಆಫ್ ಮಾಡಿ ಆನ್ ಮಾಡ್ದೆ" ಎಂದಳು. ಕೆಟ್ಟಿದ್ದು ಯಂತ್ರವಲ್ಲ, ನನ್ನ ಫ್ರೇಮು. ಬೆಳಗಿನ ಆರು ಗಂಟೆಯ ಚಿತ್ರ ಹಿಡಿದುಕೊಂಡೇ ಸತ್ತಂತೆ ನಿಂತಿತ್ತು. ಚಿತ್ರದಲ್ಲಿ ಗಂಟೆ ತೋರಿಸಬೇಕೆಂದು ನನಗೆ ಹೊಳೆದೇ ಇರಲಿಲ್ಲ. ಅಷ್ಟು ಹೊತ್ತಿಗೆ ಹತ್ತರ ಬಸ್ಸು ಹೊರಟುಹೋಗಿತ್ತು. ಈಗ ಮೂಲೆಯಲ್ಲಿ ಗಂಟೆ, ನಿಮಿಷ ಹಾಕಿದ್ದೇನೆ. ಅತ್ತೆ ಅದನ್ನೂ ಓದಿ ಹೇಳುತ್ತಾರೆ.

ಫ್ರೇಮಿನ ಜೊತೆ ನೀನು ಫೋಟೊ ತುಂಬಿಸಿ ಕಳಿಸಿದ ಮೆಮೊರಿ ಕಾರ್ಡ್ ಬೀರುವಿನಲ್ಲಿ ಜೋಪಾನವಾಗಿದೆ. ನೀನು ಬಾಯಿ ಅಗಲಿಸಿ ಅಳುತ್ತಿರುವುದು, ನಾನು ಅದನ್ನು ಕೈಯಿಂದ ಮುಚ್ಚುತ್ತಿರುವುದು, ಎಲ್ಲ ಇವೆ. ಭಾರ ಎತ್ತಬೇಡ. ಹೊತ್ತಿಗೆ ಸರಿಯಾಗಿ ಉಣ್ಣು. ನನ್ನ ಆಯಸ್ಸೂ ಸೇರಿ ನೂರು ಕಾಲ ಬಾಳು ತಾಯಿ.

ನಿನ್ನ
ಅಕ್ಕ

ತಾ.ಕ.: ಕಾಗದ ಮಡಿಚಿ ಲಕೋಟೆ ಅಂಟಿಸಿದ್ದೆ, ಮತ್ತೆ ಒಡೆದೆ. ಹನ್ನೆರಡಕ್ಕೆ ಇನ್ನೊಂದು ಬಸ್ಸಿತ್ತು ಕಣೆ. ಹತ್ತಿದ್ದರೆ ಮೂರಕ್ಕೆ ನಿನ್ನ ಹತ್ತಿರ ಇರುತ್ತಿದ್ದೆ. ನಿನ್ನನ್ನು ಒಳಗೆ ಕರೆದುಕೊಂಡು ಹೋಗಿದ್ದು ನಾಲ್ಕಕ್ಕೆ. ನನಗೆ ಗೊತ್ತಿತ್ತು. ಡಾಕ್ಟರ್ ಹೊರಗೆ ಬಂದು ಏನು ಹೇಳುತ್ತಾರೋ, ಅದನ್ನು ಮೊದಲು ಕೇಳಬೇಕಾದವಳು ನಾನೇ ಎಂದು ಹೆದರಿ ಹತ್ತಲಿಲ್ಲ. ಆ ಕೆಂಪು ಸುಳ್ಳೆಂದು ತಿಳಿದಾಗ ನನಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ. ನರ್ಸ್ ಮೂರು ಸಲ "ಜೊತೆಗೆ ಯಾರು ಬಂದಿದ್ದಾರೆ?" ಎಂದು ಕೇಳಿದಾಗ, "ಅಕ್ಕ ದಾರೀಲಿದ್ದಾಳೆ" ಎಂದೆ ಅಂತ ಬರೆದಿದ್ದೀಯಲ್ಲ, ಆ ಹೊತ್ತಿನಲ್ಲಿ ನಾನು ಚೆನ್ನಾಗಿ ನಡೆಯುತ್ತಿದ್ದ ಯಂತ್ರದ ಮುಂದೆ, ಹೆಗಲಿನ ಚೀಲವನ್ನೂ ಇಳಿಸದೆ, ರಿಪೇರಿ ಮಾಡುವವಳ ಹಾಗೆ ಕೂತಿದ್ದೆ.