ಒಂಬತ್ತರೊಳಗಿನ ಕೆಂಪು

29-9-42, ಬೆಳಿಗ್ಗೆ
ಬಂದವನಿಗೆ ಕೊಟ್ಟ ಕಾಫಿ ಆರಿತು. ಕುಡಿಯಲಿಲ್ಲ. ಪೊಲೀಸ್ ದಫೇದಾರ್ ಚನ್ನರಾಯಪ್ಪ ಜಗಲಿಯ ಮೇಲೆ ಕೂತು ಮಳೆ, ಮಾವು, ಮಗಳ ಮದುವೆ ಎಲ್ಲ ಮುಗಿಸಿ ಕೊನೆಗೆ ಬಾಯಿಬಿಟ್ಟ.
"ಆಗಸ್ಟ್ ಗಲಾಟೆ ಆಯ್ತಲ್ಲ ಸ್ವಾಮಿ... ಮನೆಮನೆ ಬಂದೂಕು ನೋಡ್ತಾವ್ರೆ. ನಿಮ್ಮಣ್ಣನ ಪಿಸ್ತೂಲು ಐತಲ್ಲ, ಅದು..."
ಇದೆ. ಗುಟ್ಟೇನು? ಅಣ್ಣ ಗಂಗುಲಪ್ಪ ಹಿಂದಿನ ಮಹಾ ಲಡಾಯಿಯಲ್ಲಿ ಕುದುರೆ ಪಡೆ ಸೇರಿ ಪ್ಯಾಲೆಸ್ತೀನಿಗೆ ಹೋಗಿದ್ದ. ಅಲ್ಲಿಂದ ತಂದದ್ದು. ಅವನು ಸತ್ತ ಮೇಲೆ ನನಗೆ ಬಂತು. ಗುಂಡಿಲ್ಲ. ಆಯುಧಪೂಜೆಗೆ ನೇಗಿಲು, ಕುಡುಗೋಲಿನ ಪಕ್ಕ ಕೂರುತ್ತದೆ. ಇಡೀ ರಾಯಲ್ಪಾಡು ನೋಡಿದೆ. ಓಪನ್ ಸೀಕ್ರೆಟ್.

1-10-42
ಇನ್‌ಸ್ಪೆಕ್ಟರ್ ಸಾಹೇಬನೇ ಬಂದ. ಇನ್ನೂ ಚಿಗುರು ಮೀಸೆ.
ಪಿಸ್ತೂಲಿನ ಮರದ ಹಿಡಿಯಲ್ಲಿ ದೊಡ್ಡದೊಂದು ಒಂಬತ್ತು ಕೆತ್ತಿದೆ. ನವಗ್ರಹದ ಲೆಕ್ಕ ಅದು ಎಂದು ನನ್ನ ಹೆಂಡತಿ ಭಾರತಿ ವರ್ಷ ವರ್ಷವೂ ಅದಕ್ಕೆ ಕುಂಕುಮ ತುಂಬುತ್ತಿದ್ದಳು. ಅಣ್ಣನ ಹೆಂಡತಿ ಅಕ್ಕಯಮ್ಮ ವಿಧವೆ, ಕುಂಕುಮ ಮುಟ್ಟುವಂತಿಲ್ಲ. ಹಾಗಾಗಿ ಆ ಕೆಲಸ ಭಾರತಿಯದು. ಮೈಗೆಲ್ಲ ಎಣ್ಣೆ, ಗಂಧ, ಅರಿಶಿನ. ಮೆತ್ತಿ ಮೆತ್ತಿ ಈಗ ಕಬ್ಬಿಣವೇ ಕಾಣದು.
ಸಾಹೇಬ ಉಗುರಿನಿಂದ ಒಂಬತ್ತನ್ನು ತಟ್ಟಿದ.
"ಕುದುರೆ ಪಡೆ ಟ್ರೂಪ್ ನಂಬರ್ ಇದು. ಸರ್ಕಾರಿ ಮಾಲು. ನಿಮ್ಮಣ್ಣ ರೆಜಿಮೆಂಟಿಂದ ಕದ್ದು ತಂದಿದಾನೆ. ಹಾಗಂತ ಬರೆದು ಸೈನ್ ಹಾಕಿ ಸುಬ್ಬರಾಯಪ್ಪನೋರೇ, ನಿಮಗೇನೂ ತೊಂದ್ರೆ ಇಲ್ಲ."
"ಐ ಷಲ್ ನಾಟ್."
"ಏನ್ರೀ?"
"ವಿಲ್ ನಾಟ್ ಇರಬಹುದು. ಎಫ್.ಎ. ಓದಿ ಮೂವತ್ತು ವರ್ಷ ಆಯ್ತು. ಯಾವುದಾದ್ರೂ ಆಗ್ಲಿ, ಹಾಕಲ್ಲ."
ಚನ್ನರಾಯಪ್ಪ ಕೆಮ್ಮಿದ. ಗುಂಡಿಲ್ಲದ್ದು, ಪೂಜೆವರೆಗೆ ಇಲ್ಲೇ ಇರಲಿ, ಮಹಾನವಮಿಗೆ ಮತ್ತೆ ಬರುತ್ತೇನೆ ಎಂದ ಸಾಹೇಬ. ಬರಲಿ. ಪಿಸ್ತೂಲು ಬೇಕಾದರೆ ಒಯ್ಯಲಿ. ಗಂಗುಲಪ್ಪ ಕಳ್ಳ ಎಂದು ನನ್ನ ಕೈಯಿಂದ ಬರೆಸಲು ಇವನಪ್ಪ ಬಂದರೂ ಆಗದು.

4-10-42
ಅತ್ತಿಗೆಯನ್ನು ಕೇಳಿದೆ. ಅಣ್ಣ ಏನಾದರೂ ಹೇಳಿದ್ದನೇ?
"ಜರ್ಮನಿ ಫೌಜಿನ ದೊರೆ ಒಬ್ಬನ್ನ ಕೆಡವಿ ಕಿತ್ಕೊಂಡೆ ಅಂತಿದ್ರು ನಾಯನಾ."
"ಯಾವಾಗ?"
"ಕುಡಿದಾಗ."
ಭೇಷ್. ಒಳ್ಳೆ ಎವಿಡೆನ್ಸು.
"ಕುಡಿದಾಗ್ಲೇ ಅವರು ನಿಜ ಹೇಳ್ತಿದ್ದದ್ದು" ಎಂದರು ಅತ್ತಿಗೆ. "ಎಲ್ಲಿ ಮಾಡಿದ್ದು ಅಂತ ಅದ್ರ ಮೈ ಮೇಲೇ ಬರೆದಿರ್ತದೆ. ತೊಳೀರಿ."
ತೊಳೆಯಲಾರೆ. ಭಾರತಿ ಹೋಗಿ ಎರಡು ವರ್ಷ. ಆಮೇಲಿನ ಪೂಜೆಗಳಲ್ಲಿ ನಾನು ಹೂ ಮಾತ್ರ ಇಟ್ಟಿದ್ದೇನೆ. ಅದರ ಮೇಲಿರುವುದು ಅವಳ ಬೆರಳು... ಸೀರೆಗಳನ್ನೆಲ್ಲ ಹಂಚಿಯಾಯಿತು. ಇದೊಂದು ಉಳಿದಿತ್ತು.

13-10-42
ತೊಳೆದೆ.
ಹುಣಸೆಹಣ್ಣು, ಬೂದಿ, ಆಮೇಲೆ ಸೀಮೆಎಣ್ಣೆ. ಬಚ್ಚಲಲ್ಲಿ ಕೆಂಪು ನೀರು ಹರಿಯಿತು. ಆ ಕಡೆ ನೋಡಲಿಲ್ಲ.
ಒಂಬತ್ತರ ಕೆಂಪು ಮಾತ್ರ ಹೋಗಲಿಲ್ಲ. ಉಜ್ಜಿದೆ. ಇಲ್ಲ. ಅದು ಬಣ್ಣ! ಮಾಡಿದವರೇ ತುಂಬಿದ ಬಣ್ಣ. ಅದು ಗೊತ್ತಿಲ್ಲದೆ ಇವಳು ಕೆಂಪಿನ ಮೇಲೆ ಕೆಂಪು... ಹುಚ್ಚಿ. ಬಚ್ಚಲಲ್ಲೇ ಕೂತು ನಕ್ಕೆ. ನಕ್ಕೆ ಎಂದೇ ಇರಲಿ.
ಹಿಡಿಯ ಮೇಲಿನ ಕಬ್ಬಿಣದಲ್ಲಿ ಸಣ್ಣ ಇಂಗ್ಲಿಷ್ ಅಕ್ಷರ. ವಾಫೆನ್‌ಫ್ಯಾಬ್ರಿಕ್ ಮಾಸರ್ ಎಂದು ಓದಿದೆ. ಫ್ಯಾಬ್ರಿಕ್ ಎಂದರೆ ಬಟ್ಟೆಯಲ್ಲವೇ? ಬಟ್ಟೆ ಗಿರಣಿಯವರು ಪಿಸ್ತೂಲು ಮಾಡುತ್ತಾರೆಯೇ? ಡಿಕ್ಷನರಿ ತಡಕಿದೆ. ವಾಫೆನ್ ಇಲ್ಲ. ಓದಿದ್ದೆಲ್ಲ ಮರೆತೆನೋ, ಇದು ಇಂಗ್ಲಿಷೇ ಅಲ್ಲವೋ.

15-10-42, ಮಧ್ಯಾಹ್ನ
ಗಡಿಯಾರ! ನನ್ನ ಮದುವೆಗೆ ಅಣ್ಣ ಕೊಟ್ಟ ಮೇಜಿನ ಗಡಿಯಾರ. ಕೀ ಕೊಡಲು ತಿರುಗಿಸಿದೆ. ಬೆನ್ನ ಮೇಲೆ ಅದೇ ಬಾಲ: ಏನೋ ಒಂದು ಫ್ಯಾಬ್ರಿಕ್. ಕೆಳಗೆ ಅಪ್ಪಟ ಇಂಗ್ಲಿಷಿನಲ್ಲಿ, ಮೇಡ್ ಇನ್ ಜರ್ಮನಿ.
ಫ್ಯಾಬ್ರಿಕ್ ಅವರ ಭಾಷೆಯಲ್ಲಿ ಕಾರ್ಖಾನೆ. ಪಿಸ್ತೂಲು ಜರ್ಮನಿಯದು. ನಮ್ಮ ರೆಜಿಮೆಂಟು ಶತ್ರುವಿನ ಅಂಗಡಿಯಿಂದ ಪಿಸ್ತೂಲು ತರಿಸುತ್ತಿತ್ತೇ ಸಾಹೇಬರೇ?
ಕುಡುಕ ನಿಜ ಹೇಳಿದ್ದ.
ಅತ್ತಿಗೆಗೆ ತೋರಿಸಿದೆ. ಸೆರಗಿನಿಂದ ಗಡಿಯಾರದ ಧೂಳು ಒರೆಸಿದರು.

17-10-42
ಚನ್ನರಾಯಪ್ಪನ ಕೈಲಿ ಹೇಳಿ ಕಳಿಸಿದ್ದೆ. ಉತ್ತರ ತಂದ.
"ಸಾಹೇಬ್ರು ಗಡಿಯಾರ ಗಿಡಿಯಾರ ಬ್ಯಾಡ ಅಂದ್ರು ಸ್ವಾಮಿ. ಒಂದ್ಸಲ ಬಾಯಲ್ಲಿ ಆಡಿಬಿಟ್ಟವ್ರೆ, ಹೆಂಗೆ ವಾಪಸ್ ತಗೊಂತಾರೆ? ಸೈನ್ ಹಾಕದಿದ್ರೆ ನಿಮ್ಮನ್ನೇ ಕರ್ಕೊಂಡು ಹೋಗೋದಂತೆ."
"ಗಡಿಯಾರಾನೂ ಹೊತ್ಕೊಂಡು ಬರ್ತೀನಿ ಅಂತ ಹೇಳು."
ಬೇರೆ ಕಾಗದ ಬರೆದಿಟ್ಟಿದ್ದೇನೆ. ಯುದ್ಧದಲ್ಲಿ ಶತ್ರುವಿನ ಕೈಯಿಂದ ಕಿತ್ತದ್ದು, ಕಿತ್ತವನು ನನ್ನಣ್ಣ. ಸೈನ್ ಹಾಕಿದರೆ ಇದಕ್ಕೆ.

18-10-42, ಆಯುಧಪೂಜೆ
ಎಲ್ಲ ಜೋಡಿಸಿದೆ. ನೇಗಿಲು, ಕುಡುಗೋಲು, ಪಿಸ್ತೂಲು. ಈ ವರ್ಷ ಗಡಿಯಾರವನ್ನೂ. ಒಗೆದ ಪಂಚೆ ಉಟ್ಟು, ಜೈಲಿಗೆಂದು ಇನ್ನೊಂದು ಮಡಚಿಟ್ಟು ಇದನ್ನು ಬರೆಯುತ್ತಿದ್ದೇನೆ.
ಬೀದಿಯಲ್ಲಿ ಪೊಲೀಸ್ ಮೋಟಾರು ನಿಂತಿತು.
ಅತ್ತಿಗೆ ಒಳಗಿಂದ ಬಂದರು. ಕೈಯಲ್ಲಿ ಭಾರತಿಯ ಕುಂಕುಮದ ಬಟ್ಟಲು. ಅಣ್ಣ ಸತ್ತ ಮೇಲೆ ಅದನ್ನು ಮುಟ್ಟಿದವರಲ್ಲ. ಉಂಗುರದ ಬೆರಳು ಅದ್ದಿ ಒಂಬತ್ತಕ್ಕೆ ತುಂಬುತ್ತಿದ್ದಾರೆ, ಮೆಲ್ಲಗೆ, ಅಂಚು ಮೀರದಂತೆ.
ಹೊಸ್ತಿಲಲ್ಲಿ ಬೂಟು. ಸಾಹೇಬ ಏನೋ ಅನ್ನುತ್ತಿದ್ದಾನೆ.
ಅತ್ತಿಗೆ ತಲೆಯೆತ್ತಲಿಲ್ಲ. "ನಮ್ಮ ಯಜಮಾನರ ಪೂಜೆ ನಡೀತಾ ಐತೆ. ಬೂಟು ಬಿಚ್ಚಿ ಒಳಗೆ ಬನ್ನಿ."
ಸಾಹೇಬ ಬಗ್ಗಿದ. ಲೇಸಿಗೆ ಕೈ ಹಾಕಿದ. ಬರೆದದ್ದು ಸಾಕು, ಏಳುತ್ತೇನೆ.